ಬಿರುಕು ಬಿಟ್ಟ ದವಡೆ ಹಲ್ಲು ಎಷ್ಟು ದಿನ ಬಾಳೀತು?

ಕೋಡುಬಳೆ ಕಡಿಯುವಾಗ ನೋವಿಲ್ಲ. ಕಡಿದು ದವಡೆ ಸಡಿಲಿಸಿದ ಮರುಕ್ಷಣ ಚುಳ್ ಎನ್ನುತ್ತದೆ. ಬಿರುಕು ಬಿಟ್ಟ ಹಲ್ಲು ತನ್ನನ್ನು ತೋರಿಸಿಕೊಳ್ಳುವುದು ಬಹುಮಟ್ಟಿಗೆ ಹೀಗೆಯೇ. ಕಚ್ಚಿದಾಗ ಸೀಳಿನ ಎರಡು ಮಗ್ಗುಲು ಕೂದಲೆಳೆಯಷ್ಟು ಅಗಲುತ್ತವೆ, ಬಿಟ್ಟಾಗ ಮತ್ತೆ ಕೂಡುತ್ತವೆ. ಆ ಅಲುಗಾಟಕ್ಕೆ ಒಳಗಿನ ನರ ಕೆರಳುತ್ತದೆ. ಎಕ್ಸ್‌ರೇಯಲ್ಲಿ ಮಾತ್ರ ಎಷ್ಟೋ ಸಲ ಏನೂ ಕಾಣುವುದಿಲ್ಲ. ಸೀಳು ಸಾಮಾನ್ಯವಾಗಿ ಹಲ್ಲಿನ ಮುಂದಿನಿಂದ ಹಿಂದಕ್ಕೆ ಹಾಯ್ದಿರುತ್ತದೆ, ಕಿರಣ ಕೆನ್ನೆಯ ಕಡೆಯಿಂದ ಬರುತ್ತದೆ; ಹೀಗೆ ಅಡ್ಡವಾಗಿ ನಿಂತ ಸೀಳು ಚಿತ್ರದಲ್ಲಿ ಮರೆಯಾಗುತ್ತದೆ.

ನರಕ್ಕೆ ಸೋಂಕು ತಗುಲಿದರೆ ರೂಟ್ ಕೆನಾಲ್ ಬೇಕಾಗುತ್ತದೆ. ಇಲ್ಲೊಂದು ಮಾತನ್ನು ಒತ್ತಿ ಹೇಳಬೇಕು: ರೂಟ್ ಕೆನಾಲ್ ಬಿರುಕನ್ನು ಬೆಸೆಯುವುದಿಲ್ಲ. ಮುರಿದ ಮೂಳೆ ಕೂಡೀತು, ಸೀಳಿದ ಹಲ್ಲು ಕೂಡದು. ನರ ತೆಗೆದದ್ದರಿಂದ ನೋವು ಹೋಯಿತು, ಸೀಳು ಇದ್ದಲ್ಲೇ ಇದೆ.

ಹಾಗಾದರೆ ಕೀಳಿಸಿಬಿಡುವುದೇ ಮೇಲೇ? ಅಲ್ಲ. ಸಿಂಗಪುರದಲ್ಲಿ ರೂಟ್ ಕೆನಾಲ್ ಆದ 50 ಬಿರುಕು ಹಲ್ಲುಗಳ ಜಾಡು ಹಿಡಿದು 2006ರಲ್ಲಿ ಪ್ರಕಟವಾದ ಅಧ್ಯಯನದ ಪ್ರಕಾರ, ಎರಡು ವರ್ಷ ಉಳಿದ ಪ್ರಮಾಣ ಶೇ 85.5. ದಕ್ಷಿಣ ಕೊರಿಯಾದ 2016ರ ವರದಿಯಲ್ಲಿ ಅದು ಶೇ 90. ಸೋತವುಗಳಲ್ಲೂ ಕೆಲವು ಲಕ್ಷಣಗಳು ಎದ್ದು ಕಂಡವು. ಒಂದಕ್ಕಿಂತ ಹೆಚ್ಚು ಬಿರುಕು, ಸಾಲಿನ ಕಟ್ಟಕಡೆಯ ಹಲ್ಲು, ಚಿಕಿತ್ಸೆಗೆ ಮೊದಲೇ ವಸಡಿನಲ್ಲಿ ಆಳವಾದ ಸಂದು: ಇವು ಸಿಂಗಪುರದವರು ಗುರುತಿಸಿದ ಅಪಾಯಗಳು. ಕೊರಿಯಾದಲ್ಲಿ ಸಂದು 6 ಮಿಲಿಮೀಟರ್ ಮೀರಿದ್ದ ಹಲ್ಲುಗಳೇ ಹೆಚ್ಚು ಕೈಕೊಟ್ಟವು.

ನನ್ನ ಮಟ್ಟಿಗೆ ಈ ಸಂದೇ ಎಲ್ಲಕ್ಕಿಂತ ಮುಖ್ಯ. ಹಲ್ಲಿನ ಸುತ್ತ ವಸಡು ಬಿಗಿಯಾಗಿದ್ದು, ಒಂದೇ ಒಂದು ಕಡೆ ಮಾತ್ರ ಅಳತೆಕಡ್ಡಿ ಸರ್ರನೆ ಕೆಳಗಿಳಿದರೆ, ಸೀಳು ಬೇರಿನತ್ತ ಸಾಗಿದೆ, ಅದರ ಜೊತೆ ಸೂಕ್ಷ್ಮಾಣುಗಳೂ ಮೂಳೆಯ ಬಳಿಗೆ ದಾರಿ ಮಾಡಿಕೊಂಡಿವೆ ಎಂದೇ ಅನುಮಾನಿಸಬೇಕು. ಹಾಗಾಗಿ ವಸಡಿನ ಸಂದಿನ ಆಳ ಎಷ್ಟಿದೆ ಎಂದು ಚಿಕಿತ್ಸೆಗೆ ಮೊದಲೇ ವೈದ್ಯರನ್ನು ಕೇಳಿ. ಹಲ್ಲು ತೆರೆದ ಮೇಲೆ ಒಳಕೋಣೆಯ ತಳದವರೆಗೂ ಬಿರುಕು ಹೋಗಿದೆಯೇ ಎಂಬುದನ್ನೂ ಕೇಳಿ. ಬಣ್ಣ ಹಚ್ಚಿ ಸೂಕ್ಷ್ಮದರ್ಶಕದಲ್ಲಿ ನೋಡಿದರೆ ಅದು ಕಾಣುತ್ತದೆ.

ಇನ್ನು ರೂಟ್ ಕೆನಾಲ್ ಆದ ಮೇಲೆ ಹಲ್ಲನ್ನು ಬಿಗಿಹಿಡಿಯಲು ತೊಡಿಸುವ ಕ್ಯಾಪ್. ನೋವು ನಿಂತಿತೆಂದು, ದುಡ್ಡು ಕೂಡಿಬರಲಿ ಎಂದು, ಮದುವೆ ಮುಗಿಯಲಿ ಎಂದು ಮುಂದೂಡುವವರು ಬಹಳ. ಬಳೆ ಬಿಗಿಯದ ಗಾಡಿಚಕ್ರದಂತೆ ಕ್ಯಾಪ್ ಇಲ್ಲದ ಹಲ್ಲು ಪ್ರತಿ ತುತ್ತಿಗೂ ಹೊರಕ್ಕೆ ಹಿಗ್ಗುತ್ತಿರುತ್ತದೆ. ಕ್ಯಾಪ್ ಕೂರುವವರೆಗೆ ಆ ಬದಿಯಲ್ಲಿ ಅಡಿಕೆ, ಹುರಿಗಡಲೆ ಬೇಡ. ಸೀಳು ಕೆಳತನಕ ಇಳಿದು ಎರಡು ಹೋಳೂ ಬೇರೆಬೇರೆಯಾಗಿ ಅಲುಗತೊಡಗಿದರೆ, ಆಮೇಲೆ ವೈದ್ಯರ ಕೈಯಲ್ಲಿ ಉಳಿಯುವುದು ಇಕ್ಕಳವೊಂದೇ.