ಕಾಡಿನ ಮಡುವೂ ನದಿಯ ಸೋಪಾನವೂ

ಬೇಸಗೆಯ ರಜೆ ಬಂದಿತೆಂದರೆ ಪಟ್ಟಣವಾಸಿಗಳಾದ ನಮ್ಮ ಮಿತ್ರರು ಕೇಳುವ ಪ್ರಶ್ನೆ ಒಂದೇ: ನಂಜನಗೂಡಿನ ಮಾರ್ಗವಾಗಿ ಬಂಡೀಪುರಕ್ಕೆ ಹೊರಟಿದ್ದೇವೆ, ಮಕ್ಕಳು ಇಳಿದು ಈಜಬಹುದಾದ ಮಡುವಾಗಲಿ ಜಲಪಾತವಾಗಲಿ ಅಲ್ಲಿ ಎಲ್ಲಿದೆ? ನಮ್ಮ ಉತ್ತರವು ಅವರಿಗೆ ರುಚಿಸುವುದಿಲ್ಲ. 1973ರಲ್ಲಿ ಹುಲಿ ಯೋಜನೆಗೆ ಸೇರಿದ ಆ ರಾಷ್ಟ್ರೀಯ ಉದ್ಯಾನದಲ್ಲಿ ಪ್ರವಾಸಿಗಳು ವಾಹನವನ್ನು ಬಿಟ್ಟು ನೆಲಕ್ಕೆ ಕಾಲಿಡುವಂತಿಲ್ಲ. ನೀರಿಗಿಳಿಯುವ ಮಾತು ದೂರವೇ ಉಳಿಯಿತು. ಹಳ್ಳಗಳು ಬತ್ತಿದ ಫಾಲ್ಗುಣ ಚೈತ್ರಗಳಲ್ಲಿ ಉಳಿದ ಒಂದೊಂದು ಕೆರೆಯನ್ನೂ ಆನೆ, ಕಾಟಿ, ಹುಲಿಗಳೆಲ್ಲ ನೆಚ್ಚಿಕೊಂಡಿರುತ್ತವೆ. ಆ ನೀರಿನಲ್ಲಿ ನಮಗೆ ಪಾಲಿಲ್ಲ. ಈ ಕಟ್ಟಳೆಯನ್ನು ಹಳಿಯುವವರ ಪಕ್ಷವನ್ನು ನಾವು ವಹಿಸಲಾರೆವು.

ಕಾಡಿನಲ್ಲಿ ಬಾಗಿಲು ಮುಚ್ಚಿದುದರಿಂದ ಜನರು ನದಿಗೆ ಬರುತ್ತಾರೆ. ನಂಜನಗೂಡಿನಲ್ಲಿ ಕಪಿಲೆಯ ಸ್ನಾನಘಟ್ಟ, ತಿರುಮಕೂಡಲಿನಲ್ಲಿ ಕಾವೇರಿ ಕಪಿಲೆಗಳ ಸಂಗಮ, ಅದರ ಕೆಳಗೆ ತಲಕಾಡಿನ ಮರಳದಂಡೆ, ಇನ್ನೂ ಕೆಳಗೆ ಶಿವನಸಮುದ್ರದ ಗಗನಚುಕ್ಕಿ ಭರಚುಕ್ಕಿಗಳು. ಒಂದೇ ದಿನದಲ್ಲಿ ನೋಡಿ ಬರಬಹುದಾದ ಇಂತಹ ಜಲಸ್ಥಳಗಳ ಸಾಲು ಎಲ್ಲ ಜಿಲ್ಲೆಗಳಿಗೂ ದೊರೆತ ಭಾಗ್ಯವಲ್ಲ. ಆದರೆ ಈ ಸಾಲಿನಲ್ಲಿ ಮುಳುಗಿ ಸತ್ತವರ ಸುದ್ದಿಯಿಲ್ಲದೆ ಒಂದು ಬೇಸಗೆಯಾದರೂ ಕಳೆಯಿತೆಂದು ನಮಗೆ ನೆನಪಿಲ್ಲ. ಸತ್ತವರಲ್ಲಿ ಬಹುಮಂದಿ ಎಳೆಯರು, ಹೊರಗಿನಿಂದ ಬಂದವರು.

ನಮ್ಮ ಹಿರಿಯರಿಗೆ ಮಡುವೆಂದರೆ ಏನೆಂಬುದು ತಿಳಿದಿತ್ತು. ತಲಕಾಡು ಮರಳಾಗಲಿ, ಮಾಲಂಗಿಯು ಮಡುವಾಗಲಿ ಎಂದು ಅಲಮೇಲಮ್ಮನು ಶಪಿಸಿ ಕಾವೇರಿಗೆ ಹಾರಿದಳೆಂಬ ಕಥೆಯನ್ನು ಈ ತಾಲೂಕಿನ ಮಕ್ಕಳೂ ಬಲ್ಲರು. ಶಾಪದ ಮಾತಿನಲ್ಲಿ ಬಂದ ಶಬ್ದವನ್ನು ವಿನೋದವಿಹಾರದ ಶಬ್ದವಾಗಿ ಮಾಡಿಕೊಂಡವರು ನಾವು. ತಲಕಾಡಿನಲ್ಲಿ ಮೊಣಕಾಲುದ್ದದ ನೀರು ನಾಲ್ಕು ಹೆಜ್ಜೆಯಲ್ಲಿ ಎರಡಾಳು ಆಳವಾಗುವುದುಂಟು. ಪ್ರವಾಹವು ಕೊರೆದ ಮತ್ತು ಮರಳು ತೋಡುವವರು ತೋಡಿದ ಗುಂಡಿಗಳು ಮೇಲಿನಿಂದ ಕಾಣುವುದಿಲ್ಲ. ಜಲಪಾತಗಳ ವಿಷಯವನ್ನು ಹೇಳುವುದೇ ಬೇಡ. 1902ರಲ್ಲಿ ಕೋಲಾರದ ಚಿನ್ನದ ಗಣಿಗಳವರೆಗೆ ವಿದ್ಯುತ್ತನ್ನು ಕಳುಹಿಸಿದ ನೀರಿನ ರಭಸದೆದುರು ಈಜುಗಾರನ ತೋಳ್ಬಲ ಎಷ್ಟರದು?

ಒಮ್ಮೆ ಆಷಾಢದ ಮಧ್ಯಾಹ್ನ ನಾವು ನಂಜನಗೂಡಿನ ಸೋಪಾನದ ಮೇಲೆ ನಿಂತಿದ್ದೆವು. ಊರಿನಲ್ಲಿ ಒಂದು ಹನಿಯೂ ಬಿದ್ದಿರಲಿಲ್ಲ, ಬಿಸಿಲು ಚುರುಗುಟ್ಟುತ್ತಿತ್ತು. ಆದರೂ ಹದಿನಾರುಕಾಲು ಮಂಟಪದ ಕಂಬಗಳು ನಿಧಾನವಾಗಿ ಗಿಡ್ಡವಾಗುತ್ತಿದ್ದುವು. ಮೋಟಾರಿನಲ್ಲಿ ಬಂದಿದ್ದ ಗೃಹಸ್ಥರೊಬ್ಬರು ಮಗುವನ್ನು ಕೈಹಿಡಿದು ಇಳಿಸುತ್ತಿದ್ದರು. ತೆಂಗಿನಕಾಯಿ ಮಾರುವ ಮುದುಕಿಯೊಬ್ಬಳು, "ಮಗೀನ ಮೇಲಕ್ಕೆ ಕರ್ಕಳಿ ಸ್ವಾಮಿ, ಹೊತ್ತಾರೆ ಈ ಮೆಟ್ಲಲ್ಲಿ ನೀರಿರ್ನಿಲ್ಲ" ಎಂದು ಕೂಗಿದಳು. ಆ ಮಹಾಶಯರಿಗೆ ಸಿಕ್ಕಿದ ಎಚ್ಚರಿಕೆ ಅದೊಂದೇ.

ಇದರ ಕಾರಣವು ಗೂಢವಾದುದಲ್ಲ. ಕಪಿಲೆಯು ಹುಟ್ಟುವುದು ವಯನಾಡಿನಲ್ಲಿ. ಅಲ್ಲಿ ಮಳೆ ಸುರಿದು, 1974ರಲ್ಲಿ ಮುಗಿದ ಕಬಿನಿಯ ಅಣೆಕಟ್ಟು ತುಂಬಿದರೆ, ಬಾಗಿಲು ತೆರೆಯದೆ ಗತಿಯಿಲ್ಲ. ಸಂಗಮದಲ್ಲಿಯಾದರೋ ತೊಡಕು ಇಮ್ಮಡಿಯಾದುದು. ಕಾವೇರಿಯ ಮೇಲೆ 1932ರಲ್ಲಿ ಪೂರೈಸಿದ ಕನ್ನಂಬಾಡಿಯ ಕಟ್ಟೆಯಿದೆ. ಒಂದರ ಬಾಗಿಲು ಮುಚ್ಚಿದ್ದರೂ ಇನ್ನೊಂದರದು ತೆರೆದಿರಬಹುದು. ತಲಕಾಡು ಶಿವನಸಮುದ್ರಗಳು ಎರಡಕ್ಕೂ ಕೆಳಗಿನವು. ನೀರು ಬಿಡುವ ಮುನ್ನ ದಂಡೆಯ ಜನರಿಗೆ ಎಚ್ಚರಿಕೆ ಕೊಡುವ ಪದ್ಧತಿಯುಂಟು. ಹಳ್ಳಿಯವರಿಗೆ ಅದು ತಲಪುತ್ತದೆ. ಆ ಬೆಳಿಗ್ಗೆ ಬೆಂಗಳೂರಿನಿಂದ ಹೊರಟವನಿಗೆ ತಲಪುವುದಿಲ್ಲ.

(2018ರಲ್ಲಿ ಕೇಂದ್ರ ಮಾಲಿನ್ಯ ನಿಯಂತ್ರಣ ಮಂಡಲಿಯು ಪ್ರಕಟಿಸಿದ ಮಲಿನ ನದಿಗಳ ಪಟ್ಟಿಯಲ್ಲಿ ಕಬಿನಿಯ ಹೆಸರೂ ಸೇರಿತ್ತು. ಮೀಯುವವರು ಅದನ್ನೂ ಅರಿತಿರಬೇಕಷ್ಟೆ. ಆ ವಿಷಯವನ್ನು ಬೇರೊಂದು ದಿನ ಪ್ರಸ್ತಾಪಿಸುವೆವು.)

ಎಚ್ಚರಿಕೆಯ ಹಲಗೆಗಳಿಲ್ಲವೆಂದು ನಾವು ಹೇಳುತ್ತಿಲ್ಲ. "ಅಪಾಯ" ಎಂಬ ಒಂದೇ ಶಬ್ದವನ್ನು ವರ್ಷವಿಡೀ ಓದಿದ ಕಣ್ಣಿಗೆ ಅದು ಕಾಣಿಸದಂತಾಗುತ್ತದೆ. ಇಂದು ಯಾವ ಅಣೆಕಟ್ಟಿನಿಂದ ಎಷ್ಟು ನೀರು ಬರುತ್ತಿದೆ, ಯಾವ ಮೆಟ್ಟಿಲಿನವರೆಗೆ ಇಳಿಯಬಹುದು ಎಂಬುದನ್ನು ದಿನದಿನವೂ ಬರೆಯುವ ಕರಿಹಲಗೆ ಬೇಕು. ಆಳಕ್ಕೆ ಮುನ್ನ ಹಗ್ಗ ಕಟ್ಟಬೇಕು. ಆ ನೀರನ್ನು ಹುಟ್ಟಿನಿಂದ ಬಲ್ಲ ತೆಪ್ಪದವರನ್ನೇ ಸಂಬಳ ಕೊಟ್ಟು ಕಾವಲಿಗಿಡಬೇಕು. ಇಂದು ಹೆಣವನ್ನು ಹುಡುಕುವುದಕ್ಕೆ ಕರೆಯುವುದು ಅವರಂಥವರನ್ನೇ ಅಲ್ಲವೆ? 1989ರಲ್ಲಿ ಆರಂಭವಾದ ತಿರುಮಕೂಡಲಿನ ಕುಂಭಮೇಳವು 2025ರ ಫೆಬ್ರವರಿಯಲ್ಲಿಯೂ ನಡೆಯಿತು. ಅಂತಹ ದಿನಗಳಲ್ಲಿ ನದಿಯ ಕಾವಲಿಗೆ ಹಣವೂ ಆಳೂ ಒದಗುವಾಗ ಆದಿತ್ಯವಾರಗಳಲ್ಲಿ ಏಕೆ ಒದಗಬಾರದು? ಮೈಸೂರು ಜಿಲ್ಲೆಯ ಅಧಿಕಾರಿಗಳು ಈ ಪ್ರಶ್ನೆಗೆ ಮುಂದಿನ ಆಷಾಢದೊಳಗೆ ಉತ್ತರವನ್ನು ದಯಪಾಲಿಸಬೇಕೆಂದು ವಿಜ್ಞಾಪಿಸಿಕೊಳ್ಳುತ್ತೇವೆ.