ಗಂಜಾಂ ಬಿಟ್ಟುಹೋದ ದೊಡ್ಡಸ್ವಾಮಿ

ಚರ್ಚ್ ಬಿಡೋದು ಅಂದ್ರೆ ದೇವರನ್ನೇ ಬಿಟ್ಟಂಗಾ? ಶ್ರೀರಂಗಪಟ್ಟಣದ ಗಂಜಾಂಗೆ ಬನ್ನಿ, ಒಂದು ಕತೆ ಇದೆ.

1799ರಲ್ಲಿ ಟಿಪ್ಪು ಮಡಿದ ಮೇಲೆ, ಚದುರಿಹೋಗಿದ್ದ ಕ್ರೈಸ್ತರನ್ನ ಒಟ್ಟುಗೂಡಿಸೋಕೆ ಇಲ್ಲಿಗೆ ಬಂದವರು ಫ್ರಾನ್ಸಿನ ಪಾದ್ರಿ ಅಬ್ಬೆ ದುಬಾಯ್. ನಮ್ಮ ಉಡುಗೆ ಉಟ್ಟರು, ಮಾಂಸ ಬಿಟ್ಟರು. ಜನ ‘ದೊಡ್ಡಸ್ವಾಮಿಯವರು’ ಅಂದರು. ಸಿಡುಬಿನ ಲಸಿಕೆಯನ್ನ ಊರೂರಿಗೆ ಮುಟ್ಟಿಸಿದರು.

ಆದರೂ ಭಾರತದಲ್ಲಿ 31 ವರ್ಷ ದುಡಿದು, 1823ರಲ್ಲಿ ಹೊರಟೇಬಿಟ್ಟರು. ಇಲ್ಲಿ ಮತಪ್ರಚಾರ ಫಲ ಕೊಡೋದಿಲ್ಲ ಅಂತ ಅದೇ ವರ್ಷದ ಪುಸ್ತಕದಲ್ಲಿ ನೇರವಾಗಿ ಬರೆದರು. ನಂಬಿಕೆ ಮಾತ್ರ ಬಿಡಲಿಲ್ಲ. ಪ್ಯಾರಿಸ್‌ನಲ್ಲಿ ಪಾದ್ರಿಯಾಗೇ ಉಳಿದು 1848ರಲ್ಲಿ ತೀರಿಕೊಂಡರು.

ನೀವು ಚರ್ಚ್ ಬಿಡೋ ಯೋಚನೆಯಲ್ಲಿದ್ದೀರಾ? ನಿಮ್ಮ ಬೇಸರ ಪಾದ್ರಿ ಮೇಲೋ, ಜನರ ಮೇಲೋ, ನಂಬಿಕೆ ಮೇಲೋ? ಮೊದಲು ಅದನ್ನ ಬಿಡಿಸಿ ನೋಡಿ. ಹೊಸ್ತಿಲು ದಾಟೋದು ಆಮೇಲೆ.