ಕಂಪ್ಯೂಟರ್ ಮನೆಗೋ, ಮಗನಿಗೋ?

ಪರೀಕ್ಷೆಗಳ ಫಲಿತಾಂಶ ಹೊರಬಿದ್ದು ಕಾಲೇಜು ಪ್ರವೇಶ ಆರಂಭವಾಗುತ್ತಿದ್ದಂತೆ ನಾಗಸಂದ್ರ, ದಾಸರಹಳ್ಳಿ, ಪೀಣ್ಯದ ಅನೇಕ ಮನೆಗಳಲ್ಲಿ ಒಂದೇ ಚರ್ಚೆ ನಡೆಯುತ್ತದೆ. ಮಕ್ಕಳಿಗೆ ಲ್ಯಾಪ್‌ಟಾಪ್ ಕೊಡಿಸಬೇಕೇ, ಡೆಸ್ಕ್‌ಟಾಪ್ ಸಾಕೇ? ಸಾಫ್ಟ್‌ವೇರ್ ಉದ್ಯೋಗಿಗೆ ಇದು ಪ್ರಶ್ನೆಯೇ ಅಲ್ಲ. ಆದರೆ ಪೀಣ್ಯದ ಕಾರ್ಖಾನೆಯಲ್ಲಿ ಲೇತ್ ನಡೆಸುವವರಿಗೆ, ಗಾರ್ಮೆಂಟ್ಸ್‌ನಲ್ಲಿ ಹೊಲಿಗೆ ಯಂತ್ರದ ಮುಂದೆ ಕೂರುವ ತಾಯಂದಿರಿಗೆ 40 ಸಾವಿರ ರೂಪಾಯಿ ಎಂದರೆ ಎರಡು-ಮೂರು ತಿಂಗಳ ದುಡಿಮೆ. ಒಮ್ಮೆ ತಪ್ಪಾಗಿ ಆರಿಸಿದರೆ ತಿದ್ದಿಕೊಳ್ಳಲು ಮತ್ತೆ ನಾಲ್ಕೈದು ವರ್ಷ ಕಾಯಬೇಕು. ಅಷ್ಟರಲ್ಲಿ ಮಕ್ಕಳ ಓದೇ ಮುಗಿದಿರುತ್ತದೆ.

ಸರ್ಕಾರಿ ಸೇವೆಯಿಂದ ನಿವೃತ್ತನಾದವನು, ಲೆಕ್ಕಪತ್ರ ಬಲ್ಲವನು ಎಂಬ ಕಾರಣಕ್ಕೆ ನೆರೆಹೊರೆಯವರು ಈ ಪ್ರಶ್ನೆಯನ್ನು ನನ್ನ ಮುಂದೆಯೂ ಇಡುತ್ತಾರೆ. ಹೆಚ್ಚಿನವರು ತಿಂಗಳ ಕಂತು ಎಷ್ಟೆಂಬುದನ್ನು ಮಾತ್ರ ನೋಡಿರುತ್ತಾರೆ. ಅರ್ಥಶಾಸ್ತ್ರದ ವಿದ್ಯಾರ್ಥಿಯಾಗಿ ನಾನು ಕೇಳುವುದು ಬೇರೆ. ಈ ವಸ್ತು ಎಷ್ಟು ವರ್ಷ ಬಾಳುತ್ತದೆ? ಎಷ್ಟು ಮಂದಿಗೆ ಒದಗುತ್ತದೆ?

ಮೊದಲು ವರ್ಷದ ಲೆಕ್ಕ ಮಾಡೋಣ. ಎರಡರ ಮೇಲೂ ಶೇ 18ರ ಜಿಎಸ್‌ಟಿ ಇರುವುದರಿಂದ ತೆರಿಗೆಯಲ್ಲಿ ವ್ಯತ್ಯಾಸವಿಲ್ಲ. 40 ಸಾವಿರದ ಲ್ಯಾಪ್‌ಟಾಪ್ ಐದು ವರ್ಷ ಬಾಳುತ್ತದೆ, ನಡುವೆ ಒಮ್ಮೆ 4 ಸಾವಿರ ಕೊಟ್ಟು ಬ್ಯಾಟರಿ ಬದಲಿಸಬೇಕಾಗುತ್ತದೆ ಎಂದಿಟ್ಟುಕೊಳ್ಳಿ. ವರ್ಷಕ್ಕೆ ಬೀಳುವ ವೆಚ್ಚ 8,800 ರೂಪಾಯಿ. ಅಷ್ಟೇ ಹಣಕ್ಕೆ ಮಾನಿಟರ್, ಯುಪಿಎಸ್ ಸಹಿತ ಡೆಸ್ಕ್‌ಟಾಪ್ ಕೊಂಡು, ಮಧ್ಯೆ 10 ಸಾವಿರ ರೂಪಾಯಿಯ ಬಿಡಿಭಾಗ ಹಾಕಿಸಿ ಎಂಟು ವರ್ಷ ಬಳಸಿದಿರೆನ್ನಿ. ಡೆಸ್ಕ್‌ಟಾಪ್ ಸುಮಾರು 80 ವಾಟ್‌ನಷ್ಟು ಹೆಚ್ಚು ವಿದ್ಯುತ್ ಬೇಡುತ್ತದೆ ಎಂದು ಹಿಡಿದರೆ, ದಿನಕ್ಕೆ ನಾಲ್ಕು ಗಂಟೆಯಂತೆ ತಿಂಗಳಲ್ಲಿ 25 ದಿನ ನಡೆಸಿದಾಗ 8 ಯೂನಿಟ್ ಹೆಚ್ಚುತ್ತದೆ. ಯೂನಿಟ್‌ಗೆ 7 ರೂಪಾಯಿಯಂತೆ ವರ್ಷಕ್ಕೆ 672 ರೂಪಾಯಿ. ಯುಪಿಎಸ್ ಬ್ಯಾಟರಿಯನ್ನು ಮೂರು ಬಾರಿ, ಪ್ರತಿ ಸಲ 1,200 ರೂಪಾಯಿಯಂತೆ ಬದಲಿಸಿದರೂ ವರ್ಷದ ಒಟ್ಟು ವೆಚ್ಚ 7,400 ರೂಪಾಯಿಯೊಳಗೇ ನಿಲ್ಲುತ್ತದೆ.

ಅಂದರೆ ಉಳಿತಾಯ ವರ್ಷಕ್ಕೆ 1,400 ರೂಪಾಯಿಯಷ್ಟು ಮಾತ್ರ. ‘ಡೆಸ್ಕ್‌ಟಾಪ್ ಬಹಳ ಅಗ್ಗ’ ಎಂಬ ಹಳೆಯ ಮಾತು ಇಂದು ಪೂರ್ತಿ ನಿಜವಲ್ಲ. 2023ರಲ್ಲಿ ಆರಂಭವಾದ ಗೃಹಜ್ಯೋತಿ ಯೋಜನೆಯಲ್ಲಿ ಉಚಿತ ಯೂನಿಟ್‌ಗಳು ಆ ಮನೆಯ ಹಿಂದಿನ ಸರಾಸರಿ ಬಳಕೆಯನ್ನು ಅವಲಂಬಿಸಿವೆ. ಮಿತಿಯ ಅಂಚಿನಲ್ಲಿರುವ ಮನೆಗೆ ಈ 8 ಯೂನಿಟ್ ಕೂಡ ಗಮನಿಸಬೇಕಾದದ್ದೇ. ಹಾಗಾದರೆ ಆಯ್ಕೆ ತೀರ್ಮಾನವಾಗಬೇಕಾದದ್ದು ಎಲ್ಲಿ?

ನನ್ನ ದೃಷ್ಟಿಯಲ್ಲಿ ಅದು ಒಡೆತನದ ಪ್ರಶ್ನೆ. ಲ್ಯಾಪ್‌ಟಾಪ್ ಒಬ್ಬರ ಹೆಗಲಿಗೇರುತ್ತದೆ. ಬಹಳಷ್ಟು ಮನೆಗಳಲ್ಲಿ ಆ ಹೆಗಲು ಹಿರಿಯ ಮಗನದು. ಬೆಳಿಗ್ಗೆ ಅವನೊಡನೆ ಕಾಲೇಜಿಗೆ ಹೋಗಿ ಸಂಜೆ ಅವನೊಡನೆ ಮರಳುತ್ತದೆ. ಹಾಸ್ಟೆಲ್ ಸೇರಿದರೆ ಮನೆಯಿಂದಲೇ ಹೊರಟುಹೋಗುತ್ತದೆ. ಹತ್ತನೇ ತರಗತಿಯ ತಂಗಿಗೆ ಉಳಿಯುವುದು ಅಪ್ಪನ ಮೊಬೈಲ್, ಅದೂ ಅಪ್ಪ ಕೆಲಸದಿಂದ ಬಂದ ಮೇಲೆ. ಡೆಸ್ಕ್‌ಟಾಪ್ ಹಾಗಲ್ಲ, ಅದು ಮನೆಯಲ್ಲೇ ಇರುತ್ತದೆ. ಅಣ್ಣ ಹೊರಗಿದ್ದಾಗ ತಂಗಿ ಕೂರುತ್ತಾಳೆ. ಅವಳು ಎದ್ದಾಗ ತಾಯಿ ಸ್ವಸಹಾಯ ಸಂಘದ ಲೆಕ್ಕ ಬರೆಯಬಹುದು. ತಂದೆ ತಾಯಿಯರ ಕಣ್ಣೆದುರಿಗೆ ಇರುವುದರಿಂದ ಮಕ್ಕಳು ಅದರಲ್ಲಿ ಏನು ಮಾಡುತ್ತಿದ್ದಾರೆಂಬುದೂ ತಿಳಿಯುತ್ತದೆ.

2020ರ ಕೋವಿಡ್ ವರ್ಷದಲ್ಲಿ ಶಾಲೆಗಳು ಮುಚ್ಚಿ ಪಾಠ ಪರದೆಯ ಮೇಲೆ ನಡೆದಾಗ ಇದರ ಬಿಸಿ ಎಲ್ಲರಿಗೂ ತಟ್ಟಿತು. 2017-18ರ ರಾಷ್ಟ್ರೀಯ ಮಾದರಿ ಸಮೀಕ್ಷೆಯ 75ನೇ ಸುತ್ತಿನ ಪ್ರಕಾರ ದೇಶದ ನಗರ ಪ್ರದೇಶದ ಕುಟುಂಬಗಳಲ್ಲಿ ಶೇ 23.4ರಷ್ಟು, ಗ್ರಾಮೀಣ ಕುಟುಂಬಗಳಲ್ಲಿ ಕೇವಲ ಶೇ 4.4ರಷ್ಟು ಮಾತ್ರ ಕಂಪ್ಯೂಟರ್ ಹೊಂದಿದ್ದವು. ಆದರೆ ಈ ಅಂಕಿಗಳು ಹೇಳುವುದು ಕುಟುಂಬದ ಲೆಕ್ಕ. ಕಂಪ್ಯೂಟರ್ ಇರುವ ಕುಟುಂಬದೊಳಗೆ ಅದು ಯಾರ ಕೈಗೆ ಸಿಗುತ್ತದೆ ಎಂಬುದನ್ನು ಅವು ಹೇಳುವುದಿಲ್ಲ.

ಡೆಸ್ಕ್‌ಟಾಪ್‌ನ ಇನ್ನೊಂದು ಗುಣ, ಅದನ್ನು ಬಿಚ್ಚಿ ಕಟ್ಟಬಹುದು. ಇಂದಿನ ಅನೇಕ ತೆಳು ಲ್ಯಾಪ್‌ಟಾಪ್‌ಗಳಲ್ಲಿ ಮೆಮೊರಿಯನ್ನು ಮದರ್‌ಬೋರ್ಡ್‌ಗೇ ಬೆಸೆದಿರುತ್ತಾರೆ. ಕೊಂಡ ದಿನ ಎಷ್ಟಿತ್ತೋ ಕೊನೆಯವರೆಗೂ ಅಷ್ಟೇ. ಡೆಸ್ಕ್‌ಟಾಪ್‌ನಲ್ಲಿ ಈಗ 8 ಜಿಬಿ ಹಾಕಿಸಿ, ಕೈಯಲ್ಲಿ ದುಡ್ಡು ಆಡಿದಾಗ 16ಕ್ಕೆ ಏರಿಸಬಹುದು. ಕೃತಕ ಬುದ್ಧಿಮತ್ತೆಯ ಡೇಟಾ ಕೇಂದ್ರಗಳ ಬೇಡಿಕೆಯಿಂದಾಗಿ 2025ರ ಕೊನೆಯ ತಿಂಗಳುಗಳಲ್ಲಿ ಜಗತ್ತಿನಾದ್ಯಂತ ಮೆಮೊರಿಯ ಬೆಲೆ ಜಿಗಿದದ್ದನ್ನು ನೆನೆದರೆ, ಹೀಗೆ ಕಾಯುವ ಅನುಕೂಲದ ಬೆಲೆ ಅರಿವಾಗುತ್ತದೆ. ದುರಸ್ತಿಗೆ ದೂರವೂ ಹೋಗಬೇಕಿಲ್ಲ. 2015ರಲ್ಲಿ ನಾಗಸಂದ್ರಕ್ಕೆ ಬಂದ ಮೆಟ್ರೊ ಹತ್ತಿ ಚಿಕ್ಕಪೇಟೆಯಲ್ಲೋ ಮಾರುಕಟ್ಟೆ ನಿಲ್ದಾಣದಲ್ಲೋ ಇಳಿದರೆ ಎಸ್.ಪಿ. ರಸ್ತೆ ನಡೆದು ಹೋಗುವಷ್ಟು ಹತ್ತಿರ. ಬಿಡಿಭಾಗಗಳನ್ನು ಕೂಡಿಸಿ ಕಂಪ್ಯೂಟರ್ ಕಟ್ಟಿಕೊಡುವ ಅಂಗಡಿಗಳು ಅಲ್ಲಿ ಸಾಲುಸಾಲಾಗಿವೆ.

ಬಜೆಟ್ ಇನ್ನೂ ಬಿಗಿಯಾಗಿದ್ದರೆ ಕಂಪನಿಗಳು ಬಳಸಿ ಬಿಟ್ಟ ಡೆಸ್ಕ್‌ಟಾಪ್‌ಗಳೂ ಸಿಗುತ್ತವೆ. ಇಲ್ಲಿ ಒಂದು ಎಚ್ಚರಿಕೆ ಬೇಕು. ವಿಂಡೋಸ್ 10ಕ್ಕೆ ಮೈಕ್ರೋಸಾಫ್ಟ್ ನೀಡುತ್ತಿದ್ದ ಸಾಮಾನ್ಯ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಕೊನೆಗೊಂಡಿತು. ವಿಂಡೋಸ್ 11 ಅಧಿಕೃತವಾಗಿ ನಡೆಯಲು ಇಂಟೆಲ್ ಪ್ರೊಸೆಸರ್ ಸಾಮಾನ್ಯವಾಗಿ ಎಂಟನೇ ತಲೆಮಾರಿನದೋ ಅದಕ್ಕಿಂತ ಹೊಸದೋ ಆಗಿರಬೇಕು. ‘ಅಗ್ಗಕ್ಕೆ ಬಂತು’ ಎಂದು ಅದಕ್ಕಿಂತ ಹಳೆಯದನ್ನು ಕೊಂಡವರು ಉಬುಂಟುವಿನಂತಹ ಮುಕ್ತ ತಂತ್ರಾಂಶ ಕಲಿಯಲು ಸಿದ್ಧರಿರಬೇಕು. ಶಾಲೆಯ ಕೆಲಸಕ್ಕೆ, ಕನ್ನಡ ಬೆರಳಚ್ಚಿಗೆ ಅದು ಧಾರಾಳವಾಗಿ ಸಾಕು.

ಇಷ್ಟಾದರೂ ಎಲ್ಲರಿಗೂ ಡೆಸ್ಕ್‌ಟಾಪ್ ಎಂದು ನಾನು ಹೇಳಲಾರೆ. ಒಂದೇ ಕೋಣೆಯ ಬಾಡಿಗೆ ಮನೆಯಲ್ಲಿ ನಾಲ್ವರು ಮಲಗುವಾಗ ಮೇಜಿಗೆ ಜಾಗವೆಲ್ಲಿ? ವರ್ಷವರ್ಷ ಮನೆ ಬದಲಿಸುವವರು ಮಾನಿಟರ್ ಹೊತ್ತು ತಿರುಗುವುದೂ ಕಷ್ಟ. ಎಂಜಿನಿಯರಿಂಗ್‌ನಂತಹ ಕೋರ್ಸ್‌ಗೆ ಸೇರಿ ಪ್ರಾಜೆಕ್ಟ್, ಇಂಟರ್ನ್‌ಶಿಪ್ ಎಂದು ಓಡಾಡುವ ವಿದ್ಯಾರ್ಥಿಗೆ, ಊರು ಬಿಟ್ಟು ಹಾಸ್ಟೆಲ್ ಸೇರುವವರಿಗೆ ಲ್ಯಾಪ್‌ಟಾಪ್ ಶೋಕಿಯಲ್ಲ, ಅಗತ್ಯ. ಆದರೆ ಆ ಅಗತ್ಯ ಬರುವುದು ಪದವಿಯ ಹಂತದಲ್ಲಿ. ಎಂಟನೇ ತರಗತಿಯ ಹುಡುಗನಿಗೆ ಕಂತಿನ ಮೇಲೆ ಕೊಡಿಸಿದ ಲ್ಯಾಪ್‌ಟಾಪ್, ಅವನು ಪದವಿಗೆ ಸೇರಿ ನಿಜವಾಗಿ ಅದನ್ನು ಹೊರಬೇಕಾದ ವರ್ಷಕ್ಕೆ ಬ್ಯಾಟರಿ ಸತ್ತು ಮೂಲೆ ಸೇರಿರುತ್ತದೆ. ಶಾಲೆ, ಪಿಯುಸಿ ಮುಗಿಯುವವರೆಗೆ ಸಾಧಾರಣ ಡೆಸ್ಕ್‌ಟಾಪ್, ಪದವಿಗೆ ಸೇರಿದಾಗ ಲ್ಯಾಪ್‌ಟಾಪ್ ಎಂಬ ಕ್ರಮವೇ ಮೇಲು. ಆಗಲೂ ಮೊದಲಿನದು ಕಿರಿಯರಿಗೆ ಉಳಿಯುತ್ತದೆ.

ಅಗ್ಗದ ಕಂಪ್ಯೂಟರ್ ಹೇಗಿರಬೇಕೆಂಬ ಪ್ರಶ್ನೆ ಬೆಂಗಳೂರಿಗೆ ಹೊಸದಲ್ಲ. ಭಾರತೀಯ ವಿಜ್ಞಾನ ಸಂಸ್ಥೆಯ ಪ್ರಾಧ್ಯಾಪಕರು ಮತ್ತು ಎಂಕೋರ್ ಕಂಪನಿಯ ತಂತ್ರಜ್ಞರು ಸೇರಿ ರೂಪಿಸಿದ ಸಿಂಪ್ಯೂಟರ್ 2001ರಲ್ಲಿ ಬೆಳಕು ಕಂಡಿತು. ಅದು ಅಂಗೈಯಲ್ಲಿ ಹಿಡಿಯುವಂತಹದು. ಹಳ್ಳಿಯ ಹಲವರು ಒಂದನ್ನೇ ಹಂಚಿಕೊಂಡು ಬಳಸಲೆಂದು ಸ್ಮಾರ್ಟ್‌ಕಾರ್ಡ್ ಸೌಲಭ್ಯವೂ ಇತ್ತು. ಮಾರುಕಟ್ಟೆಯಲ್ಲಿ ಅದು ಗೆಲ್ಲಲಿಲ್ಲ, ಆದರೆ ಹಂಚಿ ಬಳಸುವ ಆ ವಿಚಾರ ಹಳತಾಗಿಲ್ಲ. 2025ರ ನವೆಂಬರ್‌ನಲ್ಲಿ ಬೆಂಗಳೂರು ತಂತ್ರಜ್ಞಾನ ಶೃಂಗಸಭೆಯಲ್ಲಿ ರಾಜ್ಯ ಸರ್ಕಾರ ಕಿಯೋನಿಕ್ಸ್ ಮೂಲಕ ಪರಿಚಯಿಸಿದ ‘ಕಿಯೊ’ 19 ಸಾವಿರ ರೂಪಾಯಿ ಆಸುಪಾಸಿನ ಪುಟ್ಟ ಕಂಪ್ಯೂಟರ್; ಉಬುಂಟುವಿನಿಂದ ನಡೆಯುತ್ತದೆ. ಅದೂ ಪರದೆಗೆ ಜೋಡಿಸಿ ಮೇಜಿನ ಮೇಲಿಟ್ಟು ಬಳಸುವಂತಹದೇ ಎಂಬುದು ಗಮನಾರ್ಹ.

ಸರ್ಕಾರ ಮತ್ತು ಕಾಲೇಜುಗಳು ಹೆಚ್ಚು ಖರ್ಚಿಲ್ಲದೆ ಮಾಡಬಹುದಾದ ಎರಡು ಕೆಲಸಗಳಿವೆ. ಪ್ರತಿ ಕಾಲೇಜು ಪ್ರವೇಶದ ಸಮಯದಲ್ಲೇ, ಯಾವ ಕೋರ್ಸ್‌ಗೆ ಯಾವ ವರ್ಷದಿಂದ ಎಂತಹ ಕಂಪ್ಯೂಟರ್ ಬೇಕೆಂಬುದನ್ನು ಕನ್ನಡದಲ್ಲಿ ಒಂದು ಪುಟ ಬರೆದು ಪೋಷಕರ ಕೈಗೆ ಕೊಡಬೇಕು. ಅಂಗಡಿಯವರ ಮಾತೇ ಇಂದು ಅವರಿಗೆ ಪ್ರಮಾಣವಾಗಿದೆ. ಎರಡನೆಯದಾಗಿ, ಕಾಲೇಜುಗಳ ಕಂಪ್ಯೂಟರ್ ಪ್ರಯೋಗಾಲಯಗಳು ತರಗತಿ ಮುಗಿದೊಡನೆ ಬೀಗ ಹಾಕಿಕೊಳ್ಳುವ ಬದಲು ಸಂಜೆ ಏಳರವರೆಗೆ ತೆರೆದಿರಬೇಕು. ಸಾರ್ವಜನಿಕರ ಹಣದಿಂದ ಕೊಂಡ ಯಂತ್ರ ದಿನದ ಬಹುಪಾಲು ಸುಮ್ಮನೆ ಕೂರುವುದು, ಅದೇ ಊರಿನ ಕಾರ್ಮಿಕ ಕುಟುಂಬ ಅದೇ ಯಂತ್ರಕ್ಕಾಗಿ ಸಾಲ ಮಾಡುವುದು ಯಾವ ಲೆಕ್ಕದಲ್ಲೂ ಮಿತವ್ಯಯವಲ್ಲ.

ಅಲ್ಲಿಯವರೆಗೆ ಪೋಷಕರು ಅಂಗಡಿಗೆ ಹೊರಡುವ ಮುನ್ನ ಮನೆಯವರನ್ನೆಲ್ಲ ಒಮ್ಮೆ ಕೂರಿಸಿ ಮಾತನಾಡಲಿ. ಬೆಲೆಯ ಮಾತು ಆಮೇಲೆ ಬರಲಿ. ಮುಂದಿನ ನಾಲ್ಕು ವರ್ಷ ಇದರ ಮುಂದೆ ಯಾರು ಯಾರು ಕೂರುತ್ತಾರೆ ಎಂದು ಮೊದಲು ಕೇಳಲಿ. ಆ ಪಟ್ಟಿಯಲ್ಲಿ ಮಗಳ ಹೆಸರು ಬಿಟ್ಟುಹೋಗದಂತೆ ನೋಡಿಕೊಂಡರೆ ಯಾವುದನ್ನು ಕೊಳ್ಳಬೇಕೆಂಬುದು ಬಹುಮಟ್ಟಿಗೆ ತಾನಾಗಿಯೇ ತೀರ್ಮಾನವಾಗುತ್ತದೆ.